ಗುದ್ದಲಿಯ ಪಕ್ಕದಲ್ಲೊಂದು ಕಣ್ಣು

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿಯನ್ನು ನೋಡದವರು ಈ ಭಾಗದಲ್ಲಿ ಕಡಿಮೆ. ಪಾಳೆಯಗಾರ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಕೊಳ, ಅದರ ನಡುವಿನ ವಸಂತ ಮಂಟಪ, ಪಕ್ಕದ ಮುಸಾಫಿರಖಾನೆ ಇವೆಲ್ಲ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಇಲಾಖೆಯ ಪಟ್ಟಿಯಲ್ಲಿ ಈ ಕೊಳದ ಹೆಸರು 'ಹೊಂಡ' ಎಂದೇ ಇದೆ. ಹೊಂಡದ ಸುತ್ತ ಊರೂ ಇದೆ. ಊರೆಂದ ಮೇಲೆ ಮನೆ ರಿಪೇರಿ, ಚರಂಡಿ, ನೀರಿನ ಪೈಪು ಇದ್ದದ್ದೇ. ಇಂಥ ಜಾಗದಲ್ಲಿ ನೆಲ ಅಗೆಯುವುದು ಹೇಗೆ?

ಕಾನೂನು ಸ್ಪಷ್ಟವಾಗಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಕೇಂದ್ರದ ರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಕಟ್ಟಡ ಏಳುವಂತಿಲ್ಲ. ಇರುವ ಮನೆಯ ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಅನುಮತಿ ಪಡೆದು ಕಟ್ಟಬಹುದು.

ಆದರೆ ಅನುಮತಿ ಪತ್ರ ಕೈಗೆ ಬಂದರೆ ಅರ್ಧ ಕೆಲಸ ಮಾತ್ರ ಆದಂತೆ. ಉಳಿದರ್ಧ, ಮಣ್ಣು ಮೇಲೆ ಬರುವಾಗ ತಿಳಿದವರೊಬ್ಬರು ಪಕ್ಕದಲ್ಲಿ ನಿಂತು ನೋಡುವುದು. ಅವರು ಆಳ ಅಳೆಯುತ್ತಾರೆ, ಮಣ್ಣಿನ ಬಣ್ಣ ಬದಲಾದಲ್ಲಿ ಗುರುತು ಹಾಕುತ್ತಾರೆ, ಫೋಟೊ ತೆಗೆಯುತ್ತಾರೆ. ಗೋಡೆಯ ತಳವೋ ಮಡಕೆಯ ಚೂರೋ ಕಂಡರೆ ಅಷ್ಟು ಹೊತ್ತು ಕೆಲಸ ನಿಲ್ಲಿಸಿ ದಾಖಲಿಸುತ್ತಾರೆ. ಇಂಗ್ಲೆಂಡಿನಲ್ಲಿ 1990ರಿಂದೀಚೆಗೆ ಇಂಥ ನಿಗಾದ ಖರ್ಚನ್ನು ಸಾಮಾನ್ಯವಾಗಿ ಕಟ್ಟುವವರೇ ಭರಿಸುತ್ತಾರೆ.

ಇಷ್ಟೆಲ್ಲ ಏಕೆ? ಒಂದು ಉದಾಹರಣೆ ನೋಡಿ. ಹಳೆಯ ಕಲ್ಲುಹಾಸಿನ ಕೆಳಗೆ ಒಂದು ನಾಣ್ಯ ಸಿಕ್ಕಿತೆನ್ನಿ. ಹಾಸನ್ನು ಯಾರೂ ಕದಲಿಸಿಲ್ಲವಾದರೆ, ಅದು ನಾಣ್ಯಕ್ಕಿಂತ ಹಳೆಯದಲ್ಲ ಎಂದು ತಿಳಿಯಿತು. ಅದೇ ಜೆಸಿಬಿ ಎರಡನ್ನೂ ಒಟ್ಟಿಗೆ ಎತ್ತಿ ಮಣ್ಣಿನ ಗುಡ್ಡೆಗೆ ಸುರಿದರೆ? ನಾಣ್ಯ ಉಳಿಯಬಹುದು, ಅದು ಹೇಳಬೇಕಿದ್ದ ಮಾತು ಹೋಯಿತು. ಆ ನೆಲವನ್ನು ಮತ್ತೊಮ್ಮೆ ಅಗೆದು ನೋಡಲು ಬರುವುದಿಲ್ಲ.

ಗಮನವಿಟ್ಟು ಅಗೆದರೆ ಏನು ಸಿಗುತ್ತದೆ ಎಂಬುದಕ್ಕೆ ಪಕ್ಕದ ಶಿವಮೊಗ್ಗ ಜಿಲ್ಲೆಯೇ ಸಾಕ್ಷಿ. ಹೊಸನಗರ ತಾಲ್ಲೂಕಿನ ನಗರ, ಕೆಳದಿ ಅರಸರ ಬಿದನೂರು. 1763ರಲ್ಲಿ ಹೈದರ್ ಅಲಿಯ ವಶವಾಯಿತು. 2018ರ ಜುಲೈಯಲ್ಲಿ ಅಲ್ಲಿನ ಬತ್ತಿದ ಬಾವಿಯೊಂದರ ಮಣ್ಣು ಮದ್ದಿನ ವಾಸನೆ ಹೊಡೆಯುತ್ತಿತ್ತು. ರಾಜ್ಯ ಪುರಾತತ್ವ ಇಲಾಖೆಯವರು ಮೂರು ದಿನ ಅಗೆದಾಗ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಹೊರಬಂದವು. 2002ರಲ್ಲೂ ಆ ಭಾಗದ ಬಾವಿಯೊಂದರಲ್ಲಿ ಸುಮಾರು 160 ಸಿಕ್ಕಿದ್ದವು. ಅವನ್ನು ಬಹುಕಾಲ ಫಿರಂಗಿ ಗುಂಡುಗಳೆಂದೇ ತಿಳಿಯಲಾಗಿತ್ತು. ಮಣ್ಣಿನ ವಾಸನೆಗೆ ಬೆಲೆ ಕೊಡದೆ ಹೂಳನ್ನು ಲಾರಿಗೆ ತುಂಬಿದ್ದರೆ ತುಕ್ಕು ಹಿಡಿದ ಆ ಕಬ್ಬಿಣ ಗುಜರಿ ಸೇರಬಹುದಿತ್ತು.

ಸಿಕ್ಕ ಜಾಗವನ್ನು ಬರೆದಿಡುವ ಪದ್ಧತಿ ನಮಗೆ ಹೊಸದಲ್ಲ. ಬಿ.ಎಲ್. ರೈಸ್ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ 7ನೇ ಸಂಪುಟದಲ್ಲಿ (1902) ಚನ್ನಗಿರಿ, ಹೊನ್ನಾಳಿಯ ಶಾಸನಗಳಿವೆ. 11ನೆಯದರಲ್ಲಿ (1903) ಜಗಳೂರಿನವು. ಇಂದಿನ ನ್ಯಾಮತಿ ಆಗ ಹೊನ್ನಾಳಿಗೆ ಸೇರಿತ್ತು. ಯಾವ ಊರು, ಯಾವ ಗುಡಿಯ ಯಾವ ದಿಕ್ಕಿನ ಕಲ್ಲು ಎಂಬುದನ್ನೂ ಅಲ್ಲಿ ನಮೂದಿಸಲಾಗಿದೆ. ಕಲ್ಲು ಜರುಗಿದ್ದರೂ ವಿಳಾಸ ಉಳಿದಿದೆ.

ಹಾಗಿದ್ದರೂ ಅಗೆಯುವಾಗ ಏನಾದರೂ ಸಿಕ್ಕರೆ 'ಹೇಳಿದರೆ ಜಾಗ ಹೋದೀತು' ಎಂಬ ಭಯ ಜನರಲ್ಲಿದೆ. ಎರಡು ದಿನ ಕೆಲಸ ನಿಂತರೂ ಕೂಲಿಯ ಲೆಕ್ಕ ತಪ್ಪುವ ಬಡವನಿಗೆ ಆ ಭಯ ಸಹಜ. ಆದ್ದರಿಂದಲೇ ಕೆಲಸ ಶುರುವಾಗುವ ಮೊದಲೇ ನಿಗಾದ ಏರ್ಪಾಡು ಆಗಿರಬೇಕು. ನಿಗಾ ಇರುವುದು ಮುಖ್ಯವಾಗಿ ನೋಡಿ ಬರೆದುಕೊಳ್ಳಲಿಕ್ಕೆ, ಕೆಲಸ ನಿಲ್ಲಿಸಲಿಕ್ಕಲ್ಲ. ನೋಡಿ ಬರೆದುಕೊಂಡರೆ ಚರಂಡಿಯೂ ಆಗುತ್ತದೆ, ಚರಿತ್ರೆಯೂ ಉಳಿಯುತ್ತದೆ.