ಎರಡು ಬುಟ್ಟಿ, ಒಂದು ಚೀಲ

ನಿತ್ಯದ ಕೆಲಸಗಳನ್ನು ಸಂತೋಷದಿಂದ ಮಾಡಬೇಕೆಂದು ಉಪದೇಶಿಸುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಆ ಉಪದೇಶವನ್ನು ಕೇಳಿದಾಗಲೆಲ್ಲ ನನಗೊಂದು ಸಂದೇಹವುಂಟಾಗುವುದು. ಸಂತೋಷವು ಕರೆದೊಡನೆ ಬಂದು ನಿಲ್ಲುವ ಜವಾನನೇನೂ ಅಲ್ಲವಷ್ಟೆ. ಪಾತ್ರೆ ತೊಳೆಯುವಾಗಲೋ, ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚುವಾಗಲೋ, "ಇನ್ನು ಹರ್ಷಚಿತ್ತನಾಗುವೆನು" ಎಂದು ಸಂಕಲ್ಪಮಾಡಿ ನೋಡಿ. ಹರ್ಷವು ಬಾರದು, ಬಂದರೂ ಎರಡು ನಿಮಿಷ ಕುಳಿತು ಎದ್ದುಹೋಗುವುದು. ಹಾಗಾದರೆ ಕೆಲಸದ ಬಗೆಗಿನ ಮನೋಭಾವವನ್ನು ಆರಿಸಿಕೊಳ್ಳುವುದೆಂದರೇನು? ಅದು ನಮ್ಮ ಕೈಯಲ್ಲಿರುವುದೆ? ಅತಿ ಸಾಮಾನ್ಯವಾದ ಒಂದು ಕೆಲಸವನ್ನೇ ಹಿಡಿದು ವಿಚಾರಮಾಡೋಣ.

ನಾನಿರುವುದು ವಿಮಾನ ಕಾರ್ಖಾನೆಗೆ ಸಮೀಪದ ಹೊಸ ತಿಪ್ಪಸಂದ್ರದಲ್ಲಿ. ಬೆಳಿಗ್ಗೆ ಏಳು ಘಂಟೆಗೆ ಮುಂಚೆಯೇ ಕಸದ ಗಾಡಿ ನಮ್ಮ ಬೀದಿಗೆ ಬರುವುದು. ಅಷ್ಟರೊಳಗೆ ಮನೆಯ ಕಸವೆಲ್ಲ ವಿಂಗಡವಾಗಿರಬೇಕು: ಅಡಿಗೆಮನೆಯ ಹಸಿ ಕಸ ಹಸಿರು ಬುಟ್ಟಿಗೆ, ಕಾಗದ, ಪ್ಲಾಸ್ಟಿಕ್ಕು ಮೊದಲಾದ ಒಣ ಕಸ ಚೀಲಕ್ಕೆ, ಯಾವ ಉಪಯೋಗಕ್ಕೂ ಬಾರದ್ದು ಕೆಂಪು ಬುಟ್ಟಿಗೆ. ಬೆಂಗಳೂರಿನಲ್ಲಿ ವಿಂಗಡಣೆ ಕಡ್ಡಾಯವಾದುದು 2012ರ ಅಕ್ಟೋಬರಿನಲ್ಲಿ. ಎರಡು ಬುಟ್ಟಿ, ಒಂದು ಚೀಲವೆಂಬ ಕ್ರಮಕ್ಕೆ ಉಚ್ಚ ನ್ಯಾಯಾಲಯದ ಆಜ್ಞೆಯಾದುದು 2015ರ ಡಿಸೆಂಬರಿನಲ್ಲಿ.

ಈ ಕೆಲಸವನ್ನು ನಾನು ಬಹುಕಾಲ ಗೊಣಗುತ್ತಲೇ ಮಾಡುತ್ತಿದ್ದೆನು. ತರಗತಿಯಲ್ಲಿ ಷೇಕ್ಸ್‌ಪಿಯರನನ್ನು ಪಾಠಹೇಳುವವನು ಮನೆಯಲ್ಲಿ ಬಾಳೆಹಣ್ಣಿನ ಸಿಪ್ಪೆಯನ್ನೂ ಹಾಲಿನ ಪೊಟ್ಟಣವನ್ನೂ ಬೇರೆಮಾಡುತ್ತ ಕುಳಿತಿರಬೇಕೆ ಎಂಬುದು ನನ್ನ ಒಳಗಿನ ದೂರು. ಒಂದು ದಿನ ಗಾಡಿಯ ಪಕ್ಕದಲ್ಲಿದ್ದ ಪೌರಕಾರ್ಮಿಕ ಹೆಂಗಸು ನನ್ನನ್ನು ತಡೆದು, "ಸಾರ್, ನಿನ್ನೆ ನಿಮ್ಮ ಹಸಿ ಬುಟ್ಟೀಲಿ ಬ್ಲೇಡಿತ್ತು" ಎಂದರು. "ಗಾಯವಾಯಿತೇನಮ್ಮ?" ಎಂದೆನು. ಆಕೆ ಬಟ್ಟೆ ಸುತ್ತಿದ್ದ ಬೆರಳನ್ನೆತ್ತಿ ತೋರಿಸಿ, "ನೋಡಿ ಹಾಕಿ ಸಾರ್" ಎಂದಷ್ಟೇ ಹೇಳಿ ಮುಂದಿನ ಮನೆಗೆ ಹೋದರು. ಮಾತಿನಲ್ಲಿ ಕೋಪವಿರಲಿಲ್ಲ. ಕೋಪಿಸಿಕೊಂಡಿದ್ದರೆ ಉತ್ತರಕೊಡುವುದು ನನಗೆ ಸುಲಭವಾಗುತ್ತಿತ್ತು.

ಮರುದಿನವೂ ಅದೇ ಸಿಪ್ಪೆ, ಅದೇ ಪೊಟ್ಟಣ, ಅದೇ ವಾಸನೆ. ಆದರೆ ಅದುವರೆಗೆ ನನ್ನ ದೃಷ್ಟಿಯು ಬುಟ್ಟಿಯ ಅಂಚಿನಲ್ಲಿಯೇ ನಿಲ್ಲುತ್ತಿದ್ದಿತು. ಅಂದು ಅದು ಒಂದು ಬೆರಳಿನವರೆಗೆ ಹೋಯಿತು. ಇನ್ನೂ ಸ್ವಲ್ಪ ದೂರ ಹೋಗುವಂತೆ ಮಾಡಿದರೆ ಅದು ಕೃಷ್ಣರಾಜಪುರವನ್ನು ದಾಟಿ ಮಂಡೂರನ್ನು ಮುಟ್ಟುವುದು. ನಗರದ ಕಸವನ್ನು ಅಲ್ಲಿಗೆ ವರ್ಷಗಟ್ಟಲೆ ಲಾರಿಗಳಲ್ಲಿ ಸಾಗಿಸಿ ಸುರಿದರು. ಹಸಿಯೂ ಒಣವೂ ಬೆರೆತ ಕಸ ಗುಡ್ಡೆಬಿದ್ದರೆ ಒಳಗೆ ಗಾಳಿಯಾಡದು. ಗಾಳಿಯಿಲ್ಲದೆ ಕೊಳೆತ ಪದಾರ್ಥದಿಂದ ಉರಿಯುವ ಅನಿಲ ಹುಟ್ಟುವುದು, ಕಪ್ಪು ರಸ ಒಸರಿ ನೆಲದೊಳಗಿನ ನೀರನ್ನು ಸೇರುವುದು. ಅದೇ ಹಸಿ ಕಸವನ್ನು ಬೇರೆಯಾಗಿಟ್ಟು ಗಾಳಿಯಾಡಿಸಿದರೆ ಕೆಲವೇ ವಾರಗಳಲ್ಲಿ ಗೊಬ್ಬರವಾಗುವುದು. ಗೊಬ್ಬರವಾಗುವುದೋ ವಿಷವಾಗುವುದೋ ಎಂಬುದು ಬಹುಮಟ್ಟಿಗೆ ಅಡಿಗೆಮನೆಯ ಮೂಲೆಯಲ್ಲಿಯೇ ತೀರ್ಮಾನವಾಗುವ ಸಂಗತಿ. ಮಂಡೂರಿನ ಜನ ದುರ್ವಾಸನೆಯನ್ನೂ ಕೆಟ್ಟ ನೀರನ್ನೂ ಸಹಿಸಲಾರದೆ ಲಾರಿಗಳನ್ನು ತಡೆದು ಹೋರಾಡಿದರು. 2014ರ ಕೊನೆಯ ಹೊತ್ತಿಗೆ ಅಲ್ಲಿ ಕಸ ಸುರಿಯುವುದು ನಿಂತಿತು. ಕಸ ಹುಟ್ಟುವುದು ಮಾತ್ರ ನಿಲ್ಲಲಿಲ್ಲ. ಅದು ಬೇರೆ ಹಳ್ಳಿಗಳ ಕಲ್ಲುಗಣಿಗಳನ್ನು ಹುಡುಕಿಕೊಂಡು ಹೊರಟಿತು.

ಅಮೆರಿಕದ ಇಬ್ಬರು ವಿದ್ವಾಂಸರು, ಏಮಿ ರೆಜ್ನೆಸ್ಕಿ ಮತ್ತು ಜೇನ್ ಡಟನ್ ಎಂಬವರು, 2001ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಆಸ್ಪತ್ರೆಯ ನೆಲ ಒರಸುವವರ ವಿಷಯವನ್ನು ಎತ್ತಿಕೊಂಡಿದ್ದಾರೆ. ಎಲ್ಲರಿಗೂ ಕೆಲಸವೊಂದೇ. ಕೆಲವರು ಅದನ್ನು ಬರಿಯ ಶುಚಿಮಾಡುವ ಕೆಲಸವೆಂದು ಬಗೆದು, ಹೇಳಿದಷ್ಟನ್ನು ಮಾಡುವರು. ಮತ್ತೆ ಕೆಲವರು ತಾವೂ ರೋಗಿಯ ಆರೈಕೆಯಲ್ಲಿ ಭಾಗಿಗಳೆಂದು ತಿಳಿದು, ರೋಗಿಗಳೊಡನೆ ನಾಲ್ಕು ಮಾತನಾಡುವರು, ದಾದಿಯರ ಕೆಲಸಕ್ಕೆ ಅಡ್ಡಿಬಾರದಂತೆ ತಮ್ಮ ಕೆಲಸದ ಹೊತ್ತನ್ನು ಹೊಂದಿಸಿಕೊಳ್ಳುವರು. ಇವರು ನಗುವನ್ನು ಅಭ್ಯಾಸಮಾಡಿಕೊಂಡವರಲ್ಲ. ತಮ್ಮ ಕೆಲಸ ಯಾರನ್ನು ಹೋಗಿ ಮುಟ್ಟುವುದೆಂಬುದನ್ನು ಕಂಡವರು. ನಮ್ಮ ಕೈಯಲ್ಲಿರುವುದು ಇಷ್ಟೇ ಎಂದು ನನಗೆ ತೋರುವುದು. ಮನಸ್ಸಿಗೆ ಹಿಗ್ಗೆಂದು ಆಜ್ಞೆಮಾಡಲಾರೆವು. ಕಣ್ಣನ್ನು ಎತ್ತ ತಿರುಗಿಸಬೇಕೆಂಬುದನ್ನು ಆರಿಸಬಲ್ಲೆವು.

ಇಲ್ಲಿ ಒಂದು ಎಚ್ಚರಿಕೆ ಬೇಕು. ನಾನು ನನ್ನ ಕೆಲಸಕ್ಕೆ ಆರಿಸಿಕೊಂಡ ಭಾವವನ್ನು ಇನ್ನೊಬ್ಬರ ಕೂಲಿಗೆ ಬದಲಾಗಿ ಕೊಡಲಾಗದು. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯನ ಕಥೆ ನಿಮಗೆಲ್ಲ ತಿಳಿದಿದೆ: ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತರಲು, ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳುಹಿಸಿದಳು. ಸಂಬಳ ಕಡಿಮೆ ಕೊಡುವವರು ಈ ಕಥೆಯನ್ನು ಬಹಳ ಪ್ರೀತಿಯಿಂದ ಹೇಳುವುದುಂಟು. ಆದರೆ ಅಲ್ಲಿ ಸಾಕೆಂದವಳು ಲಕ್ಕಮ್ಮನೇ ಹೊರತು ಕಲ್ಯಾಣದ ಬೊಕ್ಕಸದವರಲ್ಲ. ನಮ್ಮ ಪೌರಕಾರ್ಮಿಕರು ಸಾಕೆಂದಿರಲಿಲ್ಲ. 2022ರ ಜುಲೈ ತಿಂಗಳಲ್ಲಿ, ತಮ್ಮ ನೌಕರಿಯನ್ನು ಕಾಯಂ ಮಾಡಬೇಕೆಂದು ಅವರು ಪೊರಕೆಯನ್ನು ಕೆಳಗಿಟ್ಟರು; 2025ರ ಮೇ 1ರಂದು ಬೆಂಗಳೂರಿನಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿಗೆ ಕಾಯಂ ನೇಮಕದ ಪತ್ರಗಳು ದೊರೆತವು. ಅವರ ಕೆಲಸವನ್ನು "ಸೇವೆ"ಯೆಂದು ಹೊಗಳಿ ಕೈತೊಳೆದುಕೊಂಡಿದ್ದವರಲ್ಲಿ ನಾನೂ ಒಬ್ಬನು.

ಗಾಡಿ ಈಗಲೂ ಏಳಕ್ಕೆ ಮುಂಚೆಯೇ ಬರುತ್ತಲಿದೆ. ಹಸಿ ಬುಟ್ಟಿಯ ವಾಸನೆ ನನಗಿನ್ನೂ ಸಹ್ಯವಾಗಿಲ್ಲ. ಗೊಣಗಾಟವೂ ಪೂರ್ತಿ ನಿಂತಿಲ್ಲವೆಂದು ಮನೆಯವರು ಹೇಳುವರು. ಹಳೆಯ ಬ್ಲೇಡುಗಳಿಗೆ ಮಾತ್ರ ಒಂದು ತಗಡಿನ ಡಬ್ಬಿಯನ್ನಿಟ್ಟಿದ್ದೇನೆ. ಅದು ತುಂಬಿದಾಗ ಮುಚ್ಚಳವನ್ನು ಬಿಗಿಯಾಗಿ ಕಟ್ಟಿ, ಒಳಗಿರುವುದೇನೆಂದು ಮೇಲೆ ಬರೆದು, ಆಕೆಯ ಕೈಗೇ ಕೊಡುವೆನು.