ಚೀನಾದ ಗುಡಿಯಲ್ಲಿ ನಮ್ಮ ನರಸಿಂಹ

ಶಿಡ್ಲಘಟ್ಟದ ಮಕ್ಕಳಿಗೆ ಹಿಪ್ಪುನೇರಳೆ ಸೊಪ್ಪು, ರೇಷ್ಮೆಗೂಡು ಹೊಸದಲ್ಲ. ರೇಷ್ಮೆಯ ತವರು ಚೀನಾ ಎಂದು ಪಾಠದಲ್ಲೂ ಓದಿದ್ದೀರಿ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ, ಗೂಡು ಮಾರಿ ಬಂದ ರೈತರ ಹಣ ಎಣಿಸುತ್ತ, ಆ ತವರನ್ನು ಒಮ್ಮೆ ನೋಡಬೇಕು ಅಂದುಕೊಳ್ಳುತ್ತಿದ್ದೆ. ಶಿಯಾಮೆನ್ ನಗರದಲ್ಲಿ ಕೆಲಸಕ್ಕಿರುವ ಮಗನಿಂದಾಗಿ ಎಪ್ಪತ್ತು ದಾಟಿದ ಮೇಲೆ ಆಸೆ ಕೈಗೂಡಿತು. ಅಲ್ಲಿ ಐದನೇ ತರಗತಿ ಓದುವ ಮೊಮ್ಮಗಳೇ ನನಗೆ ದುಭಾಷಿ.

ಶಿಯಾಮೆನ್ ಇರುವುದು ಫುಜಿಯಾನ್ ಪ್ರಾಂತ್ಯದಲ್ಲಿ, ತೈವಾನ್ ದ್ವೀಪದ ಎದುರು ದಡದಲ್ಲಿ. ನಮ್ಮ ಉತ್ತರ ಕನ್ನಡದ ಹಾಗೆ ಒಂದು ಕಡೆ ಕಡಲು, ಇನ್ನೊಂದು ಕಡೆ ಬೆಟ್ಟ. ಎಂಟು ಪಾಲು ಬೆಟ್ಟ, ಒಂದು ಪಾಲು ನೀರು, ಒಂದು ಪಾಲು ಹೊಲಗದ್ದೆ ಎಂದು ಅಲ್ಲಿನವರೇ ಹೇಳುತ್ತಾರೆ. ಉಳುವ ನೆಲ ಕಡಿಮೆ. ಹಾಗಾಗಿ ಜನ ಹಡಗು ಹತ್ತಿದರು. ಸಿಂಗಪುರ, ಮಲೇಷ್ಯಾಗಳ ಎಷ್ಟೋ ಚೀನೀ ಮನೆತನಗಳ ಮೂಲ ಇಲ್ಲಿಯದೇ.

ಬೆಟ್ಟಗಳಲ್ಲಿ ಟೀ ಬೆಳೆಯುತ್ತಾರೆ. ಶಿಯಾಮೆನ್ ಕಡೆಯ ಆಡುಮಾತಿನಲ್ಲಿ ಅದು 'ತೆ'. ಹಡಗಿನಲ್ಲಿ ಯೂರೋಪಿಗೆ ಹೋಗಿ 'ಟೀ' ಆಯಿತು. ಚೀನಾದ ಬೇರೆ ಕಡೆಯ 'ಚಾ' ಎಂಬ ಮಾತು ಧಾರವಾಡದವರ ಬಾಯಲ್ಲಿ 'ಚಹಾ'. ನಾವು ಏನೆಂದು ಕರೆದರೂ ಹೆಸರು ಚೀನಾದ್ದೇ! ಹಾಲಿಲ್ಲ, ಸಕ್ಕರೆಯಿಲ್ಲ, ಎರಡು ಗುಟುಕಿನ ಬಟ್ಟಲಲ್ಲಿ ಮತ್ತೆ ಮತ್ತೆ ಸುರಿಯುತ್ತಾರೆ. ಹೋಟೆಲಿನಲ್ಲಿ ಹೇಳಲು ಮೊಮ್ಮಗಳು ಕಲಿಸಿದ ಮಾತು 'ವೊ ಚಿ ಸು'. ನಾನು ಸಸ್ಯಾಹಾರಿ ಎಂದರ್ಥ. ಹಾಗೆಂದ ಮೇಲೆ ಅನ್ನ, ಸೊಪ್ಪು, ತೋಫು ಬಂದವು.

ಒಂದು ಭಾನುವಾರ ವೇಗದ ರೈಲಿನಲ್ಲಿ ಚುವಾನ್‌ಜೌ ನಗರಕ್ಕೆ ಹೋದೆವು. ಸುಮಾರು ಅರ್ಧ ಗಂಟೆಯ ದಾರಿ. ಏಳೆಂಟುನೂರು ವರ್ಷಗಳ ಹಿಂದೆ ಇದು ಜಗತ್ತಿನ ದೊಡ್ಡ ಬಂದರುಗಳಲ್ಲಿ ಒಂದು. ಮಾರ್ಕೊ ಪೋಲೊ, ಇಬ್ನ್ ಬತೂತ ಇಬ್ಬರೂ ಇದನ್ನು ಹೊಗಳಿದ್ದಾರೆ.

ಅಲ್ಲಿ ಕೈಯುವಾನ್ ಎಂಬ ಬೌದ್ಧ ದೇವಾಲಯವಿದೆ. ಸ್ಥಾಪನೆಯಾದದ್ದು 686ರಲ್ಲಿ, ಒಂದು ಹಿಪ್ಪುನೇರಳೆ ತೋಟದಲ್ಲಿ! ಭಿಕ್ಷುವೊಬ್ಬರು ಜಾಗ ಕೇಳಿದಾಗ ತೋಟದ ಯಜಮಾನ, ಈ ಮರಗಳಲ್ಲಿ ಬಿಳಿ ತಾವರೆ ಅರಳಿದರೆ ಕೊಡುತ್ತೇನೆ ಎಂದನಂತೆ. ಅರಳಿದವು ಎನ್ನುತ್ತದೆ ಕಥೆ. ಆ ಕಾಲದ್ದೆಂದು ತೋರಿಸುವ ಹಳೆಯ ಮರ ಇಂದಿಗೂ ಇದೆ. ನಾವು ಸೊಪ್ಪಿಗಾಗಿ ಮತ್ತೆ ಮತ್ತೆ ಕಡಿಯುವ ಗಿಡ ಅಲ್ಲಿ ಮುದಿಮರವಾಗಿ ನಿಂತಿದೆ.

ದೊಡ್ಡ ಗುಡಿಯ ಹಿಂಬದಿಗೆ ಹೋದಾಗ ಮೊಮ್ಮಗಳು ಒಂದು ಕಂಬದ ಮುಂದೆ ನಿಂತಳು.

"ತಾತ, ಈ ಸಿಂಹದ ಮುಖದವರು ಯಾರು?"

ನೋಡಿದರೆ ನಮ್ಮ ನರಸಿಂಹ! ಹಿರಣ್ಯಕಶಿಪು ಕೈಯಲ್ಲಿ ಸಿಕ್ಕಿದ್ದಾನೆ. ಇನ್ನೊಂದೆಡೆ ಗಜೇಂದ್ರಮೋಕ್ಷ, ಬಾಲಕೃಷ್ಣನ ಲೀಲೆ. ಅಷ್ಟು ದಿನ ಅವಳು ನನಗೆ ಅರ್ಥ ಹೇಳುತ್ತಿದ್ದಳು. ಅಲ್ಲಿ ನಾನು ಹೇಳಿದೆ.

ದಕ್ಷಿಣ ಭಾರತದಿಂದ ಬಂದ ತಮಿಳು ವರ್ತಕರು ಆ ಊರಿನಲ್ಲಿ ಗುಡಿ ಕಟ್ಟಿದ್ದರು. ಅಲ್ಲಿ ಶಿವನನ್ನು ಪ್ರತಿಷ್ಠಾಪಿಸಿದ್ದನ್ನು ಹೇಳುವ 1281ರ ತಮಿಳು ಶಾಸನವೂ ಸಿಕ್ಕಿದೆ. ಬಂದರಿನ ಕಾಲ ಮುಗಿಯಿತು, ವರ್ತಕರು ಹೋದರು, ಗುಡಿ ಬಿತ್ತು. ಆದರೆ ಕಂಬಗಳನ್ನು ಯಾರೂ ಒಡೆದು ಜಲ್ಲಿ ಮಾಡಲಿಲ್ಲ. ಬೌದ್ಧರು ತಮ್ಮ ದೇವಾಲಯದಲ್ಲೇ ನಿಲ್ಲಿಸಿಕೊಂಡರು. 2021ರಲ್ಲಿ ಚುವಾನ್‌ಜೌ ನಗರದ ಹಳೆಯ ತಾಣಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

ಊರಿಗೆ ಮರಳಿದ ಮೇಲೆ ನಮ್ಮ ಕಲ್ಲುಗಳ ನೆನಪು ಕಾಡುತ್ತಿದೆ. ಬಿ.ಎಲ್. ರೈಸ್ ಅವರು 1905ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಹತ್ತನೇ ಸಂಪುಟದಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಶಾಸನಗಳಿವೆ. ಆಗ ನಾವೆಲ್ಲ ಕೋಲಾರ ಜಿಲ್ಲೆಯವರು. ಕೆರೆಕಟ್ಟೆಯ ಮೇಲೆ, ಹೊಲದ ಬದುವಿನಲ್ಲಿ ನಿಂತಿರುವ ವೀರಗಲ್ಲು ನಮ್ಮವರದೇ ಕಥೆ ಹೇಳುತ್ತದೆ. ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ, ಕೆಲವು ಚರಂಡಿಯ ಹಾಸುಗಲ್ಲಾಗಿವೆ. ಪರದೇಶದವರು ನಮ್ಮ ನರಸಿಂಹನನ್ನು ಕಾಪಾಡಿದ್ದಾರೆ. ನಮ್ಮೂರಿನ ಕಲ್ಲನ್ನು ನಾವು ಕಾಪಾಡಬೇಡವೇ?

ಮಕ್ಕಳೇ, ಈ ರಜೆಯಲ್ಲಿ ಒಂದು ಕೆಲಸ ಮಾಡಿ. ಊರಿನಲ್ಲಿ ಅಕ್ಷರವಿರುವ ಕಲ್ಲು ಎಲ್ಲೆಲ್ಲಿದೆ ಎಂದು ತಾತ, ಅಜ್ಜಿಯನ್ನು ಕೇಳಿ, ಅವರ ಕೈ ಹಿಡಿದುಕೊಂಡು ಹೋಗಿ ನೋಡಿ. ಸುಣ್ಣ, ಬಣ್ಣ ಬಳಿಯಬೇಡಿ. ಜಾಗ ಬರೆದುಕೊಂಡು, ಚಿತ್ರ ತೆಗೆದು ನಿಮ್ಮ ಮೇಷ್ಟ್ರಿಗೆ ತೋರಿಸಿ. ಅಜ್ಜ ಅಜ್ಜಿಯರೇ, ಕಲ್ಲು ಇರುವ ಜಾಗ ಗೊತ್ತಿರುವುದು ನಿಮಗೆ. ತಡಮಾಡದೆ ತೋರಿಸಿಬಿಡಿ.