ಪರದೇಶದಲ್ಲಿ ಸಂಸಾರ ಹೂಡಿದವರು

ಕಳೆದ ವಾರ ನಮ್ಮ ಸ್ನೇಹಿತರೊಬ್ಬರ ಮಗನೂ ಆತನ ಕೈಹಿಡಿದ ಹುಡುಗಿಯೂ ಕಾರ್ಯಾಲಯಕ್ಕೆ ಬಂದು ನಮಸ್ಕರಿಸಿ, ತಾವು ಬರುವ ತಿಂಗಳು ಕ್ಯಾಲಿಫೋರ್ನಿಯಾಕ್ಕೆ ಹೊರಡುವವರಿರುವುದಾಗಿ ತಿಳಿಸಿದರು. ಹುಡುಗನಿಗೆ ಅಲ್ಲಿ ಉದ್ಯೋಗವು ಗೊತ್ತಾಗಿರುವುದು. ಮದುವೆಯಾಗಿ ಇನ್ನೂ ವರುಷ ತುಂಬಿಲ್ಲ. ಪದ್ಧತಿಯಂತೆ ನಾವು ಹರಸಿದೆವು. ಏಳುವ ಹೊತ್ತಿಗೆ ಆ ಮಗಳು, “ಕಾಕಾ, ಪರದೇಶ ನಮ್ಮದಾಗಲಿಕ್ಕೆ ಎಷ್ಟು ವರುಷ ಬೇಕು?” ಎಂದು ಕೇಳಿದಳು. ಇಷ್ಟು ಕಾಲ ಲೇಖನಿ ಹಿಡಿದ ನಮಗೆ ಒಡನೆ ಉತ್ತರ ಹೊಳೆಯಲಿಲ್ಲ. ಅಂದು ಹೇಳಲಾಗದೆ ಹೋದುದನ್ನು ಇಂದು ಬರೆಯುತ್ತಿರುವೆವು. ಆಕೆಯಂತೆ ಹೊರಟು ನಿಂತ ಇತರರೂ, ಅವರನ್ನು ಕಳುಹಿಸಿಕೊಡುವ ತಾಯಿತಂದೆಗಳೂ ಇದನ್ನು ಓದಲೆಂಬುದು ನಮ್ಮ ಆಶಯ.

ಇದೇ ಕ್ಯಾಲಿಫೋರ್ನಿಯಾಕ್ಕೆ ೧೯೧೫ರ ಸೆಪ್ಟೆಂಬರಿನಲ್ಲಿ ಪೇಶಾವರದಿಂದ ಒಂದು ತರುಣ ದಂಪತಿಗಳು ಆಗಬೋಟಿನಲ್ಲಿ ಬಂದಿಳಿದರು. ಪತಿ ವೈಷ್ಣೋದಾಸ ಬಗಾಯಿ. ಪತ್ನಿ ಶ್ರೀಮತಿ ಕಲಾ. ಇಬ್ಬರ ವಯಸ್ಸೂ ಇಪ್ಪತ್ತೈದರ ಒಳಗೆ. ಸಂಗಡ ಮೂವರು ಗಂಡುಮಕ್ಕಳು. ಇವರು ಹೊಟ್ಟೆಗಿಲ್ಲದೆ ಹೊರಟವರಲ್ಲ. ಕೈಯಲ್ಲಿ ಇಪ್ಪತ್ತೈದು ಸಾವಿರ ಡಾಲರುಗಳ ಐಶ್ವರ್ಯವಿದ್ದಿತು. ಪರರಾಜ್ಯದ ನೊಗದಡಿಯಲ್ಲಿ ತನ್ನ ಮಕ್ಕಳು ಬೆಳೆಯಬಾರದೆಂಬ ಒಂದೇ ಹಟದಿಂದ ವೈಷ್ಣೋದಾಸನು ದೇಶವನ್ನು ಬಿಟ್ಟನು. ಹಿಂದೂಸ್ಥಾನದ ಸ್ವಾತಂತ್ರ್ಯಕ್ಕಾಗಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದುಡಿಯುತ್ತಿದ್ದ ಗದರ್ ಪಕ್ಷದೊಡನೆ ಆತನಿಗೆ ಸಂಬಂಧವಿದ್ದಿತು.

ಬಂದವರನ್ನು ಅಧಿಕಾರಿಗಳು ಏಂಜೆಲ್ ದ್ವೀಪದಲ್ಲಿ ಕೆಲವು ದಿನ ತಡೆದಿರಿಸಿ, ಹಣವನ್ನು ನೋಡಿದ ಮೇಲೆ ಬಿಟ್ಟರು. ಹಿಂದೀ ಸ್ತ್ರೀಯರನ್ನು ಕಂಡೇ ಅರಿಯದ ಆ ಊರಿನ ವೃತ್ತಪತ್ರವು ಆಕೆಯ ಮೂಗುಬೊಟ್ಟನ್ನೇ ಸುದ್ದಿ ಮಾಡಿತು. ಇಂಗ್ಲಿಷಿನ ಅಕ್ಷರವೊಂದನ್ನೂ ಅರಿಯದ ಆ ಗೃಹಿಣಿಯು ಬಂಧುಬಳಗವಿಲ್ಲದ ನಾಡಿನಲ್ಲಿ ಮೂವರು ಮಕ್ಕಳನ್ನು ಕಟ್ಟಿಕೊಂಡು ಹೇಗೆ ದಿನ ಕಳೆದಿರಬಹುದೆಂಬುದನ್ನು ವಾಚಕರೇ ಊಹಿಸಬೇಕು. ಕೆಲಕಾಲದ ಮೇಲೆ ಅವರು ಬರ್ಕ್ಲಿ ಎಂಬ ಊರಿನಲ್ಲಿ ಸ್ವಂತ ಮನೆಯೊಂದನ್ನು ಕೊಂಡರು. ಸಾಮಾನುಗಳೊಡನೆ ಬಾಗಿಲಿಗೆ ಹೋಗಿ ನೋಡಿದರೆ, ನೆರೆಯವರು ಮನೆಗೆ ಬೀಗ ಹಾಕಿದ್ದರು! ಹಣ ಕೊಟ್ಟು ಕೊಂಡ ಮನೆ. ಆದರೂ ಒಳಗೆ ಕಾಲಿಡಗೊಡಲಿಲ್ಲ. ಇಂಥ ಜನರ ನಡುವೆ ಮಕ್ಕಳಿಗೆ ಏನಾದೀತೋ ಎಂದು ತಾಯಿ ಅಂಜಿದರು. ಬಂದ ದಾರಿಯಲ್ಲಿಯೇ ಎಲ್ಲರೂ ಹಿಂದಿರುಗಿದರು.

ಆದರೂ ಅವರು ಎದೆಗುಂದಲಿಲ್ಲ. ವೈಷ್ಣೋದಾಸನು ಸ್ಯಾನ್ ಫ್ರಾನ್ಸಿಸ್ಕೋದ ಫಿಲ್‌ಮೋರ್ ಬೀದಿಯಲ್ಲಿ ‘ಬಗಾಯಿ ಬಜಾರ’ವೆಂಬ ಅಂಗಡಿಯನ್ನು ತೆರೆದನು, ಆ ಜನರ ಉಡಿಗೆತೊಡಿಗೆಗಳನ್ನೂ ನಡೆನುಡಿಗಳನ್ನೂ ಕಲಿತನು. ೧೯೨೧ರಲ್ಲಿ ಆತನಿಗೆ ಅಮೇರಿಕೆಯ ನಾಗರಿಕತ್ವವು ದೊರೆಯಿತು. ಬ್ರಿಟಿಷರ ಪ್ರಜೆಯೆಂಬ ಹೆಸರನ್ನು ತೊಡೆದುಹಾಕಿದ ಆ ದಿನ ಆತನಿಗೆ ಎಷ್ಟು ಸಂತೋಷವಾಗಿರಬೇಕು!

ಆ ಸಂತೋಷವು ಎರಡು ವರುಷವೂ ಬಾಳಲಿಲ್ಲ. ‘ಬಿಳಿಯ ಜನರಿಗೆ’ ಮಾತ್ರ ನಾಗರಿಕತ್ವವೆಂದು ೧೭೯೦ರಲ್ಲಿ ಅಲ್ಲಿ ಮಾಡಿದ ಕಾನೂನನ್ನು, ೧೮೭೦ರಲ್ಲಿ ಆಫ್ರಿಕ ಮೂಲದವರಿಗೂ ವಿಸ್ತರಿಸಿದ್ದರು. ಏಶಿಯದವರನ್ನು ಮಾತ್ರ ಹೊರಗಿರಿಸಿದ್ದರು. ೧೯೨೨ರಲ್ಲಿ ಓಝಾವಾ ಎಂಬ ಜಪಾನೀ ಗೃಹಸ್ಥನು ತನ್ನ ಮೈಬಣ್ಣವು ಬಿಳಿದೆಂದು ವಾದಿಸಲು, ಬಣ್ಣದಿಂದಾಗದು, ಕಕೇಶಿಯ ಕುಲದವನಾಗಿರಬೇಕೆಂದು ಸುಪ್ರೀಮ್ ಕೋರ್ಟು ಹೇಳಿತು. ಮೂರು ತಿಂಗಳಾದ ಮೇಲೆ, ೧೯೨೩ರ ಫೆಬ್ರವರಿಯಲ್ಲಿ, ಅಮೇರಿಕೆಯ ಸೈನ್ಯದಲ್ಲಿಯೇ ಸೇವೆ ಮಾಡಿದ್ದ ಭಗತ್‌ಸಿಂಗ್ ಥಿಂಡ್ ಎಂಬ ಪಂಜಾಬಿ ಸಿಖ್ಖನು ತಾನು ಕಕೇಶಿಯ ಕುಲದವನೆಂದು ವಾದಿಸಲು, ಅದೇ ನ್ಯಾಯಾಸನವು, ಪಂಡಿತರು ಏನೇ ಹೇಳಲಿ, ಸಾಮಾನ್ಯ ಜನರ ತಿಳಿವಳಿಕೆಯಲ್ಲಿ ನೀನು ಬಿಳಿಯನಲ್ಲವೆಂದಿತು. ಒಬ್ಬನಿಗೆ ಹಿಡಿದ ಅಳತೆಗೋಲನ್ನು ಇನ್ನೊಬ್ಬನು ಬಂದೊಡನೆ ಮುರಿದೆಸೆದ ಈ ಬಗೆಯನ್ನು ನ್ಯಾಯವೆನ್ನುವುದು ಹೇಗೆ?

ಈ ತೀರ್ಪಿನ ಬಲದಿಂದ ಅಲ್ಲಿಯ ಸರಕಾರವು ಅದಾಗಲೇ ಕೊಟ್ಟಿದ್ದ ನಾಗರಿಕತ್ವಗಳನ್ನೂ ಕಸಿದುಕೊಳ್ಳತೊಡಗಿತು. ವೈಷ್ಣೋದಾಸನೂ ಅದಕ್ಕೆ ಗುರಿಯಾದನು. ನಾಗರಿಕತ್ವಕ್ಕೆ ಅನರ್ಹರಾದವರು ನೆಲವನ್ನು ಹೊಂದಬಾರದೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿದ್ದಿತು; ಮನೆಯೂ ಅಂಗಡಿಯೂ ಕೈಬಿಟ್ಟವು. ಸ್ವದೇಶಕ್ಕೆ ಹೋಗಿಬರಬೇಕೆಂದರೆ ಬ್ರಿಟಿಷ್ ರಹದಾರಿಯನ್ನು ಪಡೆಯಬೇಕೆಂದರು. ಯಾವ ನೊಗವನ್ನು ಕಳಚಲು ಸಮುದ್ರವನ್ನು ದಾಟಿದ್ದನೋ ಅದಕ್ಕೇ ಮತ್ತೆ ಕೊರಳೊಡ್ಡಲು ಆತನು ಒಪ್ಪಲಿಲ್ಲ. ೧೯೨೮ರ ಮಾರ್ಚಿನಲ್ಲಿ, ತನಗಾದ ಅನ್ಯಾಯವನ್ನು ವೃತ್ತಪತ್ರಕ್ಕೆ ಬರೆದಿಟ್ಟು, ತನ್ನ ಜೀವವನ್ನು ತಾನೇ ಕಳೆದುಕೊಂಡನು. ಆತನು ಹಿಡಿದ ಮಾರ್ಗವು ಯಾರಿಗೂ ಮೇಲ್ಪಂಕ್ತಿಯಾಗಬಾರದು. ಅದಕ್ಕೆ ಮುಂಚಿನ ವರುಷವೇ ಸಖಾರಾಮ ಗಣೇಶ ಪಂಡಿತರೆಂಬ ಹಿಂದೀ ವಕೀಲರು ತಮ್ಮ ನಾಗರಿಕತ್ವದ ಮೊಕದ್ದಮೆಯನ್ನು ಕಡೆಯವರೆಗೆ ಹೋರಾಡಿ ಗೆದ್ದಿದ್ದರೆಂಬುದನ್ನು ನೆನೆದರೆ ಮನಸ್ಸು ಇನ್ನಷ್ಟು ಮರುಗುವುದು.

ಲೋಕವು ಸಾಮಾನ್ಯವಾಗಿ ಈ ಕಥೆಯನ್ನು ಇಲ್ಲಿಗೆ ಮುಗಿಸುವುದುಂಟು. ನಮ್ಮ ಎಣಿಕೆಯಲ್ಲಿ ಅದರ ಮುಖ್ಯ ಭಾಗವು ಇಲ್ಲಿಂದಲೇ ಮೊದಲಾಗುವುದು. ಮೂವರು ಮಕ್ಕಳ ವಿಧವೆಯಾದ ಕಲಾ ಅವರು ಊರಿಗೆ ಹಿಂದಿರುಗಲಿಲ್ಲ. ಇಂಗ್ಲಿಷನ್ನು ಕಲಿತರು; ಹಣದ ವ್ಯವಹಾರವನ್ನು ತಾವೇ ವಹಿಸಿಕೊಂಡರು; ಮೂವರು ಮಕ್ಕಳಿಗೂ ಕಾಲೇಜಿನ ಶಿಕ್ಷಣವನ್ನು ಕೊಡಿಸಿದರು. ೧೯೩೪ರಲ್ಲಿ, ತಮ್ಮ ಕುಟುಂಬಕ್ಕೆ ಹಳೆಯ ಪರಿಚಿತರಾದ ಮಹೇಶಚಂದ್ರರನ್ನು ವಿವಾಹವಾದರು. ವಿಧವಾವಿವಾಹದ ಹೆಸರೆತ್ತಿದರೆ ನಮ್ಮ ಅಗ್ರಹಾರಗಳು ಕಿವಿ ಮುಚ್ಚಿಕೊಳ್ಳುತ್ತಿದ್ದ ಕಾಲವದು. ೧೯೪೬ರ ಜುಲೈಯಲ್ಲಿ ಲೂಸ್-ಸೆಲ್ಲರ್ ಕಾನೂನು ಹಿಂದೀ ಜನರಿಗೆ ಅಮೇರಿಕೆಯ ನಾಗರಿಕತ್ವದ ಬಾಗಿಲನ್ನು ತೆರೆಯಿತು. ಹೊಸದಾಗಿ ಬರುವವರಿಗೆ ವರುಷಕ್ಕೆ ನೂರೇ ನೂರು ಸ್ಥಳಗಳು. ಮುಂದೆ ಕಲಾ ಅವರು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನೆಲಸಿ, ಹೊಸದಾಗಿ ಬಂದ ಹಿಂದೀ ಕುಟುಂಬಗಳಿಗೆ ಊಟವಿಕ್ಕಿ, ಧೈರ್ಯ ಹೇಳಿ, ಎಲ್ಲರಿಗೂ ಹಿರಿಯರಾಗಿ ಬಾಳಿ, ೧೯೮೩ರಲ್ಲಿ ತೀರಿಕೊಂಡರು. ಅವರ ಮನೆಗೆ ಬೀಗ ಹಾಕಿದ ಅದೇ ಬರ್ಕ್ಲಿಯ ನಗರಸಭೆಯು ೨೦೨೦ರಲ್ಲಿ ತನ್ನ ಬೀದಿಯೊಂದಕ್ಕೆ ‘ಕಲಾ ಬಗಾಯಿ ಮಾರ್ಗ’ವೆಂದು ಹೆಸರಿಡಲು ನಿರ್ಣಯಿಸಿತು.

ಇಂದು ಕಾಲವು ಬದಲಾಗಿರುವುದು ನಿಜ. ೧೯೬೫ರ ಕಾನೂನಿನಿಂದೀಚೆಗೆ ನಮ್ಮ ವೈದ್ಯರೂ ಇಂಜಿನಿಯರರೂ ಸಾವಿರಗಟ್ಟಲೆಯಾಗಿ ಅಲ್ಲಿ ನೆಲಸಿ, ಊರೂರುಗಳಲ್ಲಿ ಕನ್ನಡ ಕೂಟಗಳನ್ನು ಕಟ್ಟಿರುವರು. ಆದರೂ ಉದ್ಯೋಗದ ಆಧಾರದಿಂದ ಸ್ಥಿರವಾಸದ ಪತ್ರವನ್ನು ಕೊಡುವಲ್ಲಿ ಯಾವ ಒಂದು ದೇಶದವರಿಗೂ ನೂರಕ್ಕೆ ಏಳರ ಮಿತಿಯಿರುವುದರಿಂದ, ನಮ್ಮವರು ಬಹುಕಾಲ ಸಾಲಿನಲ್ಲಿ ನಿಲ್ಲಬೇಕಾಗಿದೆ. ಪತಿಯ ಪರವಾನಗಿಯ ನೆರಳಿನಲ್ಲಿ ಹೋದ ಪತ್ನಿಯರು ಎಷ್ಟೇ ಓದಿದ್ದರೂ ದುಡಿಯುವಂತಿರಲಿಲ್ಲ. ೨೦೧೫ರ ನಿಯಮವು ಅವರಲ್ಲಿ ಕೆಲವರಿಗೆ ಮಾತ್ರ ಆ ಹಕ್ಕನ್ನು ಕೊಟ್ಟಿತು.

ಆದುದರಿಂದ ಆ ಮಗಳಿಗೆ ನಾವು ಹೇಳುವುದಿಷ್ಟೆ. ಕಾಗದದಿಂದ ಬಂದ ಹಕ್ಕನ್ನು ಕಾಗದವೇ ಕಸಿದುಕೊಳ್ಳಬಲ್ಲದು; ಅದನ್ನು ಪಡೆಯಬೇಕು, ಆದರೆ ಅದನ್ನೇ ನಂಬಿ ಕೂಡಬಾರದು. ಗಂಡನ ಲೆಕ್ಕಪತ್ರಗಳೇನೆಂಬುದು ನಿನಗೂ ತಿಳಿದಿರಲಿ. ಓದಿದ ವಿದ್ಯೆಯನ್ನು ಅಟ್ಟದ ಮೇಲಿಡಬೇಡ. ನೆರೆಮನೆಯ ಬಾಗಿಲನ್ನು ನೀನೇ ಮೊದಲು ತಟ್ಟು. ತವರಿನ ದಾರಿಯನ್ನು ಎಂದಿಗೂ ಮುಚ್ಚಿಕೊಳ್ಳಬೇಡ.

ಇಲ್ಲಿಯೇ ಉಳಿಯುವ ನಮ್ಮ ಪಾಲಿಗೂ ಒಂದು ಮಾತುಂಟು. ಬರ್ಕ್ಲಿಯ ಬೀಗವನ್ನು ಕುರಿತು ಸಿಟ್ಟಾಗುವುದು ಸುಲಭ. ನಮ್ಮ ಪಟ್ಟಣಗಳಲ್ಲಿ ಬಾಡಿಗೆಗೆ ಮನೆ ಕೇಳಲು ಬಂದವನಿಗೆ ನಾವು ಮೊದಲು ಕೇಳುವ ಪ್ರಶ್ನೆ ಯಾವುದು? ಜಾತಿಯನ್ನೂ ಮತವನ್ನೂ ಆಹಾರವನ್ನೂ ವಿಚಾರಿಸಿ, ಮನೆ ಖಾಲಿಯಿದ್ದರೂ ಇಲ್ಲವೆಂದು ಕಳುಹಿಸುವ ನಮ್ಮ ಕೈಯಲ್ಲಿರುವುದೂ ಅದೇ ಬೀಗವಲ್ಲವೆ? ಹೊರನಾಡಿನಲ್ಲಿ ನಮ್ಮ ಮಕ್ಕಳಿಗೆ ಸಮಾನತೆಯನ್ನು ಬೇಡುವ ನಾಲಿಗೆಯು ಒಳನಾಡಿನಲ್ಲಿ ಅದನ್ನು ನಿರಾಕರಿಸಲಾಗದು.

ಪರದೇಶ ನಮ್ಮದಾಗಲು ಎಷ್ಟು ವರುಷ ಬೇಕು? ಕಲಾ ಅವರ ಹೆಸರು ಆ ಊರಿನ ಬೀದಿಗೆ ಬರಲು ನೂರಐದು ವರುಷ ಬೇಕಾದವು. ಆದರೆ ಅವರು ಆ ನೂರಐದು ವರುಷ ಕಾಯುತ್ತ ಕುಳಿತಿರಲಿಲ್ಲ. ಬಂದ ಮರುದಿನದಿಂದಲೇ ಒಲೆ ಹೊತ್ತಿಸಿ ಸಂಸಾರ ಹೂಡಿದ್ದರು. ಹೋಗಿ ಬಾ, ಮಗಳೆ, ನಿಮ್ಮಿಬ್ಬರಿಗೂ ಮಂಗಳವಾಗಲಿ.